‘ಹಾಕು’ ಇರುವ ವಾಕ್ಯಗಳು ಮಾತ್ರ

ನಿಘಂಟಿನ ಕೆಲಸಕ್ಕೆ ಸೇರಲು ಹೊರಟವರು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಭಾಷಾಸೇವೆ ಎಂಬ ಮಾತಿನಿಂದಲೇ ಶುರು ಮಾಡುತ್ತಾರೆ. ನಾನು ಚಹಾ ಕೊಟ್ಟು, ಧೂಳಿಗೆ ನಿಮಗೆ ಸೀನು ಬರುತ್ತದೆಯೇ, ಒಂದೇ ಪದಕ್ಕಾಗಿ ಇಬ್ಬರು ಗಂಡಸರು ತಿಂಗಳುಗಟ್ಟಲೆ ಜಗಳವಾಡುತ್ತಿದ್ದರೆ ನಗದೆ ಕೂರಬಲ್ಲಿರೇ ಎಂದು ಕೇಳುತ್ತೇನೆ. ಅವರಿಗೆ ನನ್ನ ಪ್ರಶ್ನೆ ಹಿಡಿಸುವುದಿಲ್ಲ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಅವರು ಕೇಳುವುದು ನನಗೆ ಹಿಡಿಸುವುದಿಲ್ಲ. ಆದ್ದರಿಂದ ಅವೆಲ್ಲ ಬಿಟ್ಟು, ಒಂದು ಕ್ರಿಯಾಪದವೂ ಒಂದು ದೊಡ್ಡ ಕಾದಂಬರಿಯೂ ನಮ್ಮ ಕೈಗೆ ಸಿಕ್ಕು ಏನಾದವು ಎಂಬುದನ್ನು ಬರೆದಿಡುತ್ತೇನೆ.

ನಮ್ಮ ಕಚೇರಿ ಮಾಟುಂಗದಲ್ಲಿ, ಒಂದು ಉಡುಪಿ ಹೋಟೆಲಿನ ಮೇಲಿನ ಮಾಳಿಗೆಯಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಕನ್ನಡ ಜಿಲ್ಲೆಗಳಿಗೂ ಏನಾದರೂ ಮಾಡಿದ್ದೇವೆ ಎಂದು ತೋರಿಸಲು ಸಚಿವಾಲಯಕ್ಕೆ ಒಂದು ನಿಘಂಟು ಬೇಕಾಗಿತ್ತು. ಅದನ್ನು ಮಾಡುವ ನಾವು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕೆಳಗಿನ ದೋಸೆಯ ವಾಸನೆ ಕುಡಿಯುತ್ತ, ಓದುತ್ತ ಕೂತಿರುತ್ತಿದ್ದೆವು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ತಂದೆಯ ಜೊತೆ ಇಲ್ಲಿಗೆ ಬಂದವಳು. ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ನನಗೆ ಬಾಯಿಮಾತಿನಲ್ಲಿ ಸಿಕ್ಕ ಮೊದಲ ಸೂಚನೆ, ಕಿಟಕಿಯ ಕಡೆ ಮುಖ ಮಾಡಿ ಕೂರಬಾರದು ಎಂಬುದಾಗಿತ್ತು.

ಕೆಲಸದ ರೀತಿ ಹೀಗೆ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಡುತ್ತಿದ್ದರು. ಓದುತ್ತ ಹೋಗಬೇಕು, ಗಮನ ಸೆಳೆದ ಪದ ಬಂದರೆ ಅದರ ಇಡೀ ವಾಕ್ಯವನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು, ಪುಸ್ತಕದ ಹೆಸರು, ಪುಟ ನಮೂದಿಸಿ, ಆ ಪದದ ಪೆಟ್ಟಿಗೆಗೆ ಇಳಿಸಬೇಕು. ಪೆಟ್ಟಿಗೆ ತುಂಬಿದ ಮೇಲೆ ಚೀಟಿಗಳನ್ನು ಹರಡಿ, ಪದಕ್ಕೆ ಎಷ್ಟು ಅರ್ಥ, ಯಾವುದು ಮೊದಲು ಎಂದು ತೀರ್ಮಾನಿಸಬೇಕು. ಕೇಳಲು ಬಹಳ ಶಾಸ್ತ್ರೀಯವಾಗಿದೆ. ‘ಗಮನ ಸೆಳೆದ ಪದ’ ಎಂಬ ಮಾತಿನಲ್ಲಿ ಎಂಥ ಗುಂಡಿ ಇದೆ ಎಂಬುದು ಕೆಲವು ವರ್ಷ ಯಾರಿಗೂ ಹೊಳೆಯಲಿಲ್ಲ.

ನಮ್ಮ ಪ್ರಧಾನ ಸಂಪಾದಕರು ಹಣಮಂತರಾಯರು. ಧಾರವಾಡದವರು, ಕೋಟು, ರುಮಾಲು, ಕೈಯಲ್ಲಿ ಸದಾ ಒಂದು ಮಡಿಸಿದ ಛತ್ರಿ. ಹಳೆಗನ್ನಡದಲ್ಲಿ ಆನೆಗೆ ಸಂಬಂಧಿಸಿದ ಯಾವ ಪದ ಕೇಳಿದರೂ ಹೇಳಬಲ್ಲವರು, ಮಾಟುಂಗ ಸ್ಟೇಷನ್ನಿನಲ್ಲಿ ಟಿಕೀಟು ಕೇಳಲು ಮಾತ್ರ ನನ್ನನ್ನು ಮುಂದೆ ಬಿಡುತ್ತಿದ್ದರು. ಅವರ ಕೆಳಗೆ ಉಪಸಂಪಾದಕರಾಗಿದ್ದ ಶಿವರಾಮಯ್ಯನವರು ಮೈಸೂರಿನವರು. ಮೆಲುದನಿ, ಮಲ್ಲು ಪಂಚೆ, ಎದುರಿಗಿದ್ದವರನ್ನು ‘ತಾವು’ ಎನ್ನುತ್ತಲೇ ಮಣ್ಣುಮುಕ್ಕಿಸುವ ಜಾಣತನ. ಇವರಿಬ್ಬರು ಒಪ್ಪಿಕೊಂಡಿದ್ದ ಒಂದೇ ಸಂಗತಿಯೆಂದರೆ ಕೆಳಗಿನ ಹೋಟೆಲಿನ ಕಾಫಿ.

ಒಂದು ದಿನ ಸಚಿವಾಲಯದಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಮರಾಠಿಯವರು, ಸಂಭಾವಿತರು. ರಾಯರು ಅವರಿಗೆ ಆನೆಯ ಪೆಟ್ಟಿಗೆಗಳನ್ನು ತೋರಿಸಿದರು. ಆನೆಯ ಕಪೋಲಕ್ಕೆ ಇಷ್ಟು ಹೆಸರು, ಮದಕ್ಕೆ ಇಷ್ಟು, ಮಾವುತನ ಅಂಕುಶಕ್ಕೆ ಇಷ್ಟು ಎಂದು ವಿವರಿಸುತ್ತ ಹೋದಂತೆ ಅಧಿಕಾರಿಗಳು ತಲೆದೂಗಿದರು. ಕೊನೆಗೆ, ತನಗೂ ಒಂದು ಕನ್ನಡ ಶಬ್ದ ಗೊತ್ತಿದೆ, ಕೆಳಗಿನ ಹೋಟೆಲಿನಲ್ಲಿ ಎಲ್ಲರೂ ಅದನ್ನೇ ಕೂಗುತ್ತಾರೆ, ಸಾಂಬಾರ್ ಹಾಕು, ಚಟ್ನಿ ಹಾಕು ಎಂದು, ಅದನ್ನು ನೋಡಬೇಕು ಅಂದರು.

“ಹಾಕು ದಾಖವಾ,” ‘ಹಾಕು’ ತೋರಿಸಿ ಎಂದು ಮರಾಠಿಯಲ್ಲೇ ನಗುತ್ತ ಕೈಚಾಚಿದರು.

ಶಿವರಾಮಯ್ಯನವರು ಏಣಿ ಹತ್ತಿ ‘ಹಾಕು’ ಪೆಟ್ಟಿಗೆ ಇಳಿಸಿದರು. ಒಳಗೆ ಒಂದು ಸತ್ತ ಜಿರಳೆ ಬಿಟ್ಟರೆ ಏನೂ ಇರಲಿಲ್ಲ. ನಾವೆಲ್ಲ ಇಷ್ಟು ವರ್ಷ ಗಮನ ಸೆಳೆದ ಪದಗಳನ್ನೇ ಬರೆದುಕೊಂಡಿದ್ದೆವು, ‘ಹಾಕು’ ಯಾರ ಗಮನವನ್ನೂ ಸೆಳೆದಿರಲಿಲ್ಲ. ಮರುಗಳಿಗೆ ‘ಕೊಡು’, ‘ಬರು’, ‘ಇಡು’ ತೆಗೆದು ನೋಡಿದರೆ ಅವೂ ಖಾಲಿ. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಪದಗಳೆಲ್ಲ ನಮ್ಮ ನಿಘಂಟಿನಲ್ಲಿ ಇಲ್ಲವೇ ಇಲ್ಲ, ಯಾರೂ ಎಂದೂ ಆಡದ ಪದಗಳಿಗೆ ಕಪಾಟು ಸಾಲದು. ಅಧಿಕಾರಿಗಳು ಸಭ್ಯರು, ಮುಂದಿನ ಸಲ ಬಂದಾಗ ‘ಹಾಕು’ ನೋಡುತ್ತೇನೆ ಎಂದಷ್ಟೇ ಹೇಳಿ ಕೆಳಗಿಳಿದು ಇಡ್ಲಿ ತಿನ್ನಲು ಹೋದರು.

ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ವಿದ್ವಾಂಸರಿಗೆ ಕಾಣುವುದು ಅಪರೂಪದ್ದು ಮಾತ್ರ. ಅನ್ನದ ಮೇಲಿನ ದ್ರಾಕ್ಷಿ ಗೋಡಂಬಿ ಎಣಿಸಿಟ್ಟು, ಅನ್ನವನ್ನು ಬರೆದುಕೊಳ್ಳಲು ಮರೆಯುವ ಜನ ನಾವು.

ಈಗ ಅವಸರವಾಗಿ ‘ಹಾಕು’ ಬೇಕು. ಎಲ್ಲ ಪುಸ್ತಕಗಳನ್ನು ಮತ್ತೆ ಓದುವಂತಿಲ್ಲ. ರಾಯರು ಒಂದೇ ಪುಸ್ತಕವನ್ನು ಪೂರ್ತಿ ಸೋಸಿ ತೆಗೆಯುವುದೆಂದು ಠರಾಯಿಸಿದರು. ಅದಕ್ಕೆ ಆರಿಸಿದ್ದು ನಮ್ಮ ಕಡೆಯ ಒಂದು ಮಹಾಕಾದಂಬರಿ. ಹೆಸರು ಹೇಳುವುದಿಲ್ಲ. ಹೇಳಿದರೆ ಓದಿದ್ದೇನೆ ಎಂದು ನೀವೂ ತಲೆಯಾಡಿಸುತ್ತೀರಿ, ಆ ಪಾಪ ನನಗೆ ಬೇಡ. ಹತ್ತಿ ಗಿರಣಿಗಳ ಊರೊಂದರಲ್ಲಿ ತುಂಗವ್ವ ಎಂಬ ವಿಧವೆ ಖಾನಾವಳಿ ನಡೆಸಿ ಮಕ್ಕಳನ್ನು ಸಾಕಿದ ಕಥೆ ಅದು. ಬರೆದವರು ತೀರಿಕೊಂಡು ಬಹಳ ವರ್ಷವಾಗಿತ್ತು. ಖಾನಾವಳಿಯ ಕಥೆ ಎಂದ ಮೇಲೆ ‘ಹಾಕು’ ಇಲ್ಲದ ಪುಟವೇ ಇರುವುದಿಲ್ಲ ಎಂಬ ರಾಯರ ಲೆಕ್ಕ ಸರಿಯಾಗಿತ್ತು.

ಸರಿಯಾಗಿತ್ತು ಎಂದು ನಾನು ಸುಮ್ಮನೆ ಹೇಳುತ್ತಿಲ್ಲ, ಓದಿದವಳು ನಾನೇ. ತುಂಗವ್ವ ಒಲೆಗೆ ಕಟ್ಟಿಗೆ ಹಾಕುತ್ತಾಳೆ, ಎಲೆ ಹಾಕುತ್ತಾಳೆ, ಹಸಿದವರಿಗೆ ಅನ್ನ ಹಾಕುತ್ತಾಳೆ, ಬಾಗಿಲ ಮುಂದೆ ರಂಗೋಲಿ ಹಾಕುತ್ತಾಳೆ, ಯಾರೂ ಇಲ್ಲದಾಗ ಕಣ್ಣೀರು ಹಾಕುತ್ತಾಳೆ. ಮೈದುನ ಅವಳ ಮೇಲೆ ದಾವೆ ಹಾಕುತ್ತಾನೆ, ಸುಳ್ಳು ಸಹಿ ಹಾಕುತ್ತಾನೆ, ಮನೆಗೆ ಬೀಗ ಹಾಕುತ್ತಾನೆ. ಊರಿನ ಹಿರಿಯರು ಬಹಿಷ್ಕಾರ ಹಾಕುತ್ತಾರೆ, ಗಿರಣಿಯ ಮ್ಯಾನೇಜರು ಕಣ್ಣು ಹಾಕುತ್ತಾನೆ, ಪಕ್ಕದ ಮನೆಯ ಕೋಳಿ ಮೊಟ್ಟೆ ಹಾಕುತ್ತದೆ. ಹೆಂಗಸು ‘ಹಾಕು’ವುದೆಲ್ಲ ಮನೆ ನಡೆಸಲಿಕ್ಕೆ, ಗಂಡಸು ‘ಹಾಕು’ವುದೆಲ್ಲ ಅದನ್ನು ಕೆಡಿಸಲಿಕ್ಕೆ ಎಂದು ನನಗೆ ಅನ್ನಿಸಿತು. ಇದನ್ನು ಟಿಪ್ಪಣಿಯಾಗಿ ಬರೆಯಲೇ ಎಂದು ಕೇಳಿದಾಗ ರಾಯರು ನನ್ನ ಮದುವೆಯ ಮಾತು ಎಲ್ಲಿಗೆ ಬಂತೆಂದು ವಿಚಾರಿಸಿದರು.

ಕೈಯಲ್ಲಿ ಬರೆದುಕೊಳ್ಳುತ್ತ ಕೂತರೆ ಆಗುವ ಕೆಲಸವಲ್ಲ ಇದು ಎಂದು ರಾಯರಿಗೆ ತೋರಿತು. ಪುಣೆಯಲ್ಲಿ ಯಾರೋ ಹೇಳಿದ್ದ ಹೊಸ ಪದ್ಧತಿ ತಂದರು. ಪುಸ್ತಕವನ್ನೇ ಕತ್ತರಿಸಿ, ವಾಕ್ಯದ ಪಟ್ಟಿಯನ್ನು ಗೋಂದಿನಿಂದ ಚೀಟಿಗೆ ಅಂಟಿಸುವುದು. ಕೈತಪ್ಪಿಲ್ಲ, ವೇಳೆ ಉಳಿತಾಯ. ಒಂದು ಪುಟ ಕತ್ತರಿಸಿದರೆ ಅದರ ಹಿಂಬದಿ ಹಾಳಾಗುತ್ತದೆ ಎಂಬುದು ಮೊದಲ ಪುಟದಲ್ಲೇ ಗೊತ್ತಾಯಿತು. ಹಾಗಾಗಿ ಎರಡು ಪ್ರತಿ ಬೇಕಾದವು. ಒಂದು ನಮ್ಮಲ್ಲೇ ಇತ್ತು, ಇನ್ನೊಂದನ್ನು ಮಾಟುಂಗದ ಕನ್ನಡ ಸಂಘದ ವಾಚನಾಲಯದಿಂದ ತಂದರು. ಕೆಲಸ ನಡೆದಾಗ ಇನ್ನೊಂದು ತೊಡಕು ಬಂತು. ‘ಬಾಗಿಲಿಗೆ ಚಿಲಕ ಹಾಕಿ ಬಂದು ಎಲೆ ಹಾಕಿದಳು’ ಎಂಬಂಥ ವಾಕ್ಯದಲ್ಲಿ ಪದ ಎರಡು ಸಲ, ಅರ್ಥ ಎರಡು, ಚೀಟಿಯೂ ಎರಡು ಬೇಕು. ಅದನ್ನು ಕೈಯಲ್ಲಿ ಬರೆದರಾಯಿತಲ್ಲ ಎಂದೆ. ಪದ್ಧತಿ ಎಂದರೆ ಪದ್ಧತಿ ಎಂದರು ರಾಯರು. ಮೂರನೆಯ ಪ್ರತಿ ಹುಡುಕಿಕೊಂಡು ಅವರೇ ಭಾಂಡುಪ್‌ಗೆ ಹೋದರು.

ಭಾಂಡುಪ್‌ನಲ್ಲಿ ಲೇಖಕರ ಹೆಂಡತಿ ರಾಧಾಬಾಯಿ ಇದ್ದರು. ಕಾರಖಾನೆಯೊಂದರಲ್ಲಿ ಕೆಲಸದಲ್ಲಿದ್ದ ತಮ್ಮನ ಮಗನ ಸಂಸಾರದ ಜೊತೆ, ಒಂದು ಕಾಲನಿಯಲ್ಲಿ. ನಾವೆಲ್ಲ ಆಮೇಲೆ ಅವರನ್ನು ಮರಾಠಿ ರೀತಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವಂತಾಯಿತು. ಗಂಡನ ಪುಸ್ತಕ ಇನ್ನೊಮ್ಮೆ ಅಚ್ಚಾಗಬೇಕು, ತಾನಿರುವಾಗಲೇ ಹೊಸ ಪ್ರತಿ ಕೈಯಲ್ಲಿ ಹಿಡಿಯಬೇಕು ಎಂಬುದೊಂದೇ ಅವರ ಆಸೆ. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಅಂತೂ ಒಪ್ಪಿ, ಅಚ್ಚಿಗೆ ಕೂರಿಸಲು ಒಂದು ಪ್ರತಿ ಕಳಿಸಿ ಎಂದು ಬರೆದಿದ್ದರು. ಅದೇ ಪ್ರತಿಯನ್ನು ರಾಯರು ಬೇಡಿದರು. ಹೋಗುವಾಗ ಒಂದು ಶಾಲು, ತೆಂಗಿನಕಾಯಿ, ಫಲ ಒಯ್ದಿದ್ದರು. ಸ್ವಲ್ಪ ದಿನ ನೋಡಿಕೊಂಡು ಕೊಡುತ್ತೇನೆ ಎಂದು ಹೇಳಿ ತಂದರಂತೆ. ನಮಗೆ ಕಚೇರಿಯಲ್ಲಿ ಹೇಳಿದ್ದು ಬೇರೆ, ರಾಧಾಬಾಯಿ ನಿಘಂಟಿಗೆ ದಾನ ಮಾಡಿದ್ದಾರೆ ಎಂದು.

ಮೂರು ಪ್ರತಿಯೂ ಕತ್ತರಿಯ ಬಾಯಿಗೆ ಹೋದವು. ಆಮೇಲೆ ಬಂತು ಅರ್ಥ ವಿಂಗಡಣೆಯ ಮಹಾಯುದ್ಧ. ‘ಹಾಕು’ವಿಗೆ ಮೂಲಾರ್ಥ ಒಂದೇ, ಉಳಿದವೆಲ್ಲ ಅದರ ನೆರಳು ಎಂದು ರಾಯರ ವಾದ. “ತಾವು ಹಿರಿಯರು, ಆದರೆ ಕಣ್ಣೀರು ಹಾಕೋದಕ್ಕೂ ಕಟ್ಟಿಗೆ ಹಾಕೋದಕ್ಕೂ ತಮಗೆ ವ್ಯತ್ಯಾಸ ಕಾಣದೆ ಇದ್ದರೆ ನಾನೇನು ಮಾಡ್ಲಿ, ಸ್ವಾಮಿ,” ಎಂದು ಶಿವರಾಮಯ್ಯನವರು ಕೈಮುಗಿದರು. ಕೋಳಿಯ ಮೊಟ್ಟೆಯನ್ನು ರಾಯರು ಶುದ್ಧ ಸಸ್ಯಾಹಾರಿ ನಿಘಂಟಿಗೆ ಸೇರಿಸಲು ಒಪ್ಪಲಿಲ್ಲ. ಒಂದು ವಾರ ಆ ಚೀಟಿ ಕಿಟಕಿಯ ಮೇಲೆ ಅನಾಥವಾಗಿ ಬಿದ್ದಿತ್ತು. ‘ಕೊಂದು ಹಾಕು’, ‘ತಿಂದು ಹಾಕು’ಗಳಲ್ಲಿ ಯಾರು ಏನನ್ನು ಎಲ್ಲಿ ಹಾಕುತ್ತಾರೆ ಎಂಬ ಚರ್ಚೆಯಲ್ಲಿ ಇಬ್ಬರೂ ಮಾತು ಬಿಟ್ಟರು. ಒಂದೇ ಮೇಜಿನ ಆಚೀಚೆ ಕೂತು, ನನ್ನ ಮೂಲಕ ಚೀಟಿ ಕಳಿಸಿ ಜಗಳವಾಡತೊಡಗಿದರು.

ಈ ನಡುವೆ ಅಧಿಕಾರಿಗಳು ಎರಡನೆಯ ಸಲ ಬರುವ ಸುದ್ದಿ ಬಂತು. ಕಚೇರಿ ಚೊಕ್ಕಟವಾಗಿರಬೇಕೆಂದು ರಾಯರು ನೆಲದ ಮೇಲಿನ ಚಿಂದಿಯನ್ನೆಲ್ಲ ಚೀಲಕ್ಕೆ ತುಂಬಿಸಿ ರದ್ದಿಯವನಿಗೆ ಕೊಡಿಸಿದರು. ಚಿಂದಿ ಎಂದರೆ, ಕಾದಂಬರಿಯಲ್ಲಿ ‘ಹಾಕು’ ಇಲ್ಲದೆ ಉಳಿದ ಭಾಗ. ಅಧಿಕಾರಿಗಳು ಬಂದರು, ತುಂಬಿದ ‘ಹಾಕು’ ಪೆಟ್ಟಿಗೆಯನ್ನು ಮುಟ್ಟಿ ನೋಡಿದರು, ಸಂತೋಷಪಟ್ಟರು, ಇಡ್ಲಿ ತಿಂದರು.

ರಾಧಾಕಾಕು ಬರಲು ಶುರು ಮಾಡಿದ್ದು ಆಗ. ಭಾಂಡುಪ್‌ನಿಂದ ಲೋಕಲ್ ಹಿಡಿದು, ಸ್ಟೇಷನ್ನಿನಿಂದ ನಡೆದು, ಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದರು. ರಾಯರು ಒಂದು ಸಲ ಪುಸ್ತಕ ಬೈಂಡಿಂಗಿಗೆ ಹೋಗಿದೆ ಎಂದರು, ಇನ್ನೊಂದು ಸಲ ಸಚಿವಾಲಯಕ್ಕೆ ಹೋಗಿದೆ ಎಂದರು. ಮೂರನೆಯ ಸಲ ಅವರು ಬರುವುದು ಕಿಟಕಿಯಲ್ಲಿ ಕಂಡು ತಾವೇ ಹಿಂಬಾಗಿಲಿನಿಂದ ಹೋದರು. ಛತ್ರಿ ಮಾತ್ರ ಮೇಜಿನ ಮೇಲೆ ಉಳಿಯಿತು. ಕಾಕು ಆ ಛತ್ರಿಯನ್ನು ನೋಡಿದರು, ನನ್ನನ್ನು ನೋಡಿದರು.

“ಶಾಂತಾ, ನೀ ನಮ್ಮ ಧಾರವಾಡದ ಹುಡಿಗಿ. ಖರೇ ಹೇಳು. ಹುಬ್ಬಳ್ಳಿಯವರು ಮತ್ತೊಂದು ಕಾಗದಾ ಬರದಾರ. ನಮ್ಮವರ ಪುಸ್ತಕ ಎಲ್ಲದ?”

ದಾನದ ಕಥೆ ಸುಳ್ಳೆಂದು ನನಗೆ ಗೊತ್ತಾದದ್ದು ಆ ಕ್ಷಣ. ಹೇಳುವುದಕ್ಕಿಂತ ತೋರಿಸುವುದೇ ಮೇಲು ಎಂದು ಕೈಹಿಡಿದು ಕರೆದೊಯ್ದು, ‘ಹಾಕು’ ಪೆಟ್ಟಿಗೆಯನ್ನು ಅವರ ಮುಂದೆ ಇಟ್ಟೆ. ಅವರು ಒಂದು ಚೀಟಿ ತೆಗೆದು ಓದಿದರು, ಇನ್ನೊಂದು ತೆಗೆದರು. ಅಚ್ಚಿನ ಅಕ್ಷರ ಗುರುತು ಹತ್ತಿತು. ಉಳಿದದ್ದು ಎಲ್ಲಿ ಎಂದು ಕೇಳಿದರು. ರದ್ದಿಗೆ ಹೋಯಿತು ಎಂದೆ. ಅವರು ಅಳಲಿಲ್ಲ. ಬೆಂಚಿಗೆ ಹಿಂದಿರುಗಿ, ಛತ್ರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ರಾಯರು ಅದಕ್ಕಾಗಿ ಬಂದೇ ಬರುತ್ತಾರೆಂದು ಅವರಿಗೆ ಗೊತ್ತಿತ್ತು.

ರಾಯರು ಬಂದರು. ಭಾಷೆ, ನಾಡು, ಮುಂದಿನ ಪೀಳಿಗೆ ಎಂದೆಲ್ಲ ಸ್ವಲ್ಪ ಹೊತ್ತು ಹೇಳಿದರು. ಕೊನೆಗೆ ರಾಯರ ಮಾತು ಮುಗಿದುಹೋಯಿತು.

“ತಪ್ಪಾಗೇದ, ಬಾಯಿಯವರ. ತಾವು ದೊಡ್ಡವರು, ಹೊಟ್ಟ್ಯಾಗ ಹಾಕ್ಕೋಬೇಕು,” ಎಂದರು.

ಶಿವರಾಮಯ್ಯನವರ ಕೈ ಅಭ್ಯಾಸಬಲದಿಂದ ಖಾಲಿ ಚೀಟಿಯ ಕಡೆ ಹೋದದ್ದನ್ನು ನಾನು ಕಂಡೆ. ಆ ಪ್ರಯೋಗ ಕಾದಂಬರಿಯಲ್ಲಿ ಇರಲಿಲ್ಲ.

“ನೀವು ಶಾಲು ತಂದಾಗನ ನನಗ ಅನುಮಾನ ಬರಬೇಕಾಗಿತ್ತು, ರಾಯರ,” ಎಂದರು ಕಾಕು. “ನಮ್ಮವರು ಇದ್ದಾಗ ಒಂದು ದಿವಸ ನೀವು ನಮ್ಮನಿ ಮೆಟ್ಟಲಾ ಹತ್ತಿದವರಲ್ಲ. ಪುಸ್ತಕ ಒಯ್ದೀರಿ, ಪುಸ್ತಕ ಕೊಡ್ರಿ. ಮತ್ತೇನೂ ನಾ ಕೇಳೂದಿಲ್ಲ.”

ಅಂದಿನಿಂದ ಕಚೇರಿಯಲ್ಲಿ ನಿಘಂಟಿನ ಕೆಲಸ ನಿಂತು ಪುಸ್ತಕ ಹುಡುಕುವ ಕೆಲಸ ಶುರುವಾಯಿತು. ಶಿವರಾಮಯ್ಯನವರೂ ನಾನೂ ರದ್ದಿಯವನ ಜಾಡು ಹಿಡಿದು ಧಾರಾವಿಗೆ ಹೋದೆವು. ಒಂದು ತಗಡಿನ ಶೆಡ್ಡಿನಲ್ಲಿ ಹಳೆಯ ಕಾಗದ ಕೊಳೆಸಿ ಚಪ್ಪಲಿ ಡಬ್ಬಿಯ ರಟ್ಟು ಮಾಡುತ್ತಿದ್ದರು. ಶಿವರಾಮಯ್ಯನವರು ತಮ್ಮ ಮೈಸೂರು ಹಿಂದಿಯಲ್ಲಿ ಕಾದಂಬರಿಯ ಸಾಹಿತ್ಯಿಕ ಮಹತ್ವವನ್ನು ವಿವರಿಸಿದರು. ಶೆಡ್ಡಿನ ಮಾಲಿಕ ಪೂರ್ತಿ ಕೇಳಿಸಿಕೊಂಡು, ಒಣಗಲಿಟ್ಟ ಬೂದು ಹಾಳೆಗಳನ್ನು ತೋರಿಸಿದ. “ಬಾಯಿ, ಇಧರ್ ಆನೇ ಕೇ ಬಾದ್ ಸಬ್ ಕಾಗಜ್ ಏಕ್ ಹೀ ಹೈ,” ಇಲ್ಲಿಗೆ ಬಂದ ಮೇಲೆ ಎಲ್ಲ ಕಾಗದವೂ ಒಂದೇ ಎಂದು ನನಗೆ ಹೇಳಿದ. ನಮ್ಮ ಕಚೇರಿಯಲ್ಲಿ ಯಾರೂ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿದ್ದು ನನಗೆ ನೆನಪಿಲ್ಲ.

ಊರೂರಿನ ವಾಚನಾಲಯಗಳಿಗೆಲ್ಲ ಬರೆದೆವು. ಒಂದು ಕಡೆ ಗೆದ್ದಲು ತಿಂದಿತ್ತು. ಇನ್ನೊಂದು ಕಡೆ ರಟ್ಟು ಮಾತ್ರ ಇತ್ತು. ಧಾರವಾಡದ ಒಂದು ಕಾಲೇಜಿನವರು, ನಮ್ಮ ಪ್ರತಿಯನ್ನು ನೀವೇ ಒಯ್ದು ಹಿಂದಿರುಗಿಸಿಲ್ಲ, ದಯವಿಟ್ಟು ಬೇಗ ಕಳಿಸಿ ಎಂದು ಉತ್ತರಿಸಿದರು. ಕಚೇರಿಯ ಸ್ವಂತ ಪ್ರತಿ ಎಂದು ನಾವು ಮೊದಲು ಕತ್ತರಿಸಿದ್ದು ಅದೇ.

ಆಗ ರಾಯರು ಒಂದು ಉಪಾಯ ಮಾಡಿದರು. ಮಾಟುಂಗದ ಸಭಾಗೃಹದಲ್ಲಿ ಆ ಕಾದಂಬರಿಯ ಬಗ್ಗೆ ವಿಚಾರಸಂಕಿರಣ ಇಟ್ಟರು. ಓದಿದವರೆಲ್ಲ ತಮ್ಮ ಪ್ರತಿಯೊಂದಿಗೆ ಬರಬೇಕೆಂದು ಕರೆ ಕೊಟ್ಟರು. ಸಭಾಗೃಹ ತುಂಬಿತು. ವಕೀಲರು, ಬ್ಯಾಂಕಿನವರು, ಪ್ರಾಧ್ಯಾಪಕರು ಒಬ್ಬರಾದ ಮೇಲೊಬ್ಬರು ಎದ್ದು, ಈ ಕೃತಿಯೇ ನಮ್ಮನ್ನು ರೂಪಿಸಿತು ಎಂದರು. ಪ್ರತಿಯೊಬ್ಬರೂ ಗದ್ಗದರಾಗಿ ವರ್ಣಿಸಿದ್ದು ಒಂದೇ ಪ್ರಸಂಗವನ್ನು, ಪಾತ್ರೆ ಜಪ್ತಿಗೆ ಬಂದ ಕೋರ್ಟಿನ ಬೇಲೀಫನಿಗೆ ತುಂಗವ್ವ ಮೊದಲು ಊಟಕ್ಕೆ ಹಾಕಿ, ಆಮೇಲೆ ಅವನು ಉಂಡ ತಟ್ಟೆಯನ್ನೇ ತೊಳೆದು ಜಪ್ತಿಗೆ ಒಪ್ಪಿಸುವುದನ್ನು. ಆ ಪ್ರಸಂಗ, ಯಾರೋ ಮಕ್ಕಳಿಗಾಗಿ ತಮ್ಮ ಮಾತಿನಲ್ಲಿ ಬರೆದ ರೂಪದಲ್ಲಿ, ಶಾಲೆಯ ಪಠ್ಯಪುಸ್ತಕದಲ್ಲಿತ್ತು. ಅದರಾಚೆ ಒಂದು ಸಾಲನ್ನೂ ಯಾರೂ ಹೇಳಲಿಲ್ಲ, ಪ್ರತಿಯನ್ನೂ ಯಾರೂ ತರಲಿಲ್ಲ. ಎಲ್ಲರ ಪ್ರತಿಯನ್ನೂ ಯಾರೋ ಒಯ್ದು ಹಿಂದಿರುಗಿಸಿರಲಿಲ್ಲವಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕು ಎಲ್ಲವನ್ನೂ ಕೇಳಿ, ಜನ ಇಷ್ಟು ಸುಳ್ಳು ಹೇಳಬೇಕಾದರೆ ಪುಸ್ತಕ ಚೆನ್ನಾಗಿಯೇ ಇದ್ದಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹುಬ್ಬಳ್ಳಿಯ ಪ್ರಕಾಶಕರು, ಪ್ರತಿ ಬರದಿದ್ದರೆ ಬೇರೆ ಪುಸ್ತಕ ಕೈಗೆತ್ತಿಕೊಳ್ಳುತ್ತೇವೆ ಎಂದು ಬರೆದರು. ಆ ಕಾಗದ ಬಂದ ದಿನ ರಾಯರು ಪುನಾರಚನಾ ಸಮಿತಿ ನೇಮಿಸಿದರು. ಚೀಟಿಗಳ ಮೇಲೆ ಪುಟಸಂಖ್ಯೆ ಇದೆ, ಪುಟದಂತೆ ಜೋಡಿಸುವುದು, ನಡುವಿನ ಖಾಲಿಯನ್ನು ಸಮಿತಿ ತುಂಬುವುದು. ಕಥೆಯನ್ನು ಕಾಕು ಹೇಳಬೇಕು. ಕಾಕು ಒಂದು ದಿನ ಪೂರ್ತಿ ಯೋಚಿಸಿ ಒಪ್ಪಿಕೊಂಡರು. “ಕಥಿ ಹೇಳತೀನ್ರಿ. ಅವರ ಮಾತು ಮಾತ್ರ ನನ್ನ ಹತ್ರ ಇಲ್ಲ,” ಎಂದರು.

ಸಮಿತಿಯಲ್ಲಿ ರಾಯರು ವರ್ಣನೆ ಬರೆದರು, ಶಿವರಾಮಯ್ಯನವರು ಸಂಭಾಷಣೆ. ಪರಿಣಾಮ, ಹತ್ತಿ ಗಿರಣಿಯ ಕೂಲಿಗಳು ಮೈಸೂರು ಅರಮನೆಯ ಊಳಿಗದವರಂತೆ ‘ದಯಮಾಡಿಸಬೇಕು’ ಎಂದು ಮಾತನಾಡತೊಡಗಿದರು. ರಾಯರ ವರ್ಣನೆಯಲ್ಲಿ, ಎಂದೂ ಆನೆ ಕಾಣದ ಆ ಊರಿಗೆ ಆನೆಯೊಂದು ಬಂದು ಒಂದು ಅಧ್ಯಾಯದುದ್ದಕ್ಕೂ ನಿಂತಿತು. ಸಮಿತಿಗೆ ಹೊರಗಿನಿಂದ ಸೇರಿಸಿಕೊಂಡ ವಿದ್ವಾಂಸರಿಗೆ ಕಥೆಯ ಕೊನೆಯ ಬಗ್ಗೆ ತಕರಾರು. ಮೂಲದಲ್ಲಿ ತುಂಗವ್ವ ಎಲ್ಲರನ್ನೂ ಎದುರಿಸಿ ಖಾನಾವಳಿ ಮುಂದುವರಿಸುತ್ತಾಳೆ. ವಿಧವೆ ಕೊನೆಯವರೆಗೂ ವ್ಯಾಪಾರ ಮಾಡುವುದು ಮಹಾಕಾದಂಬರಿಗೆ ಶೋಭಿಸದು, ಅವಳು ಕಾಶಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ಅವಳು ಎಲ್ಲಿಗೂ ಹೋಗಲಿಲ್ಲ ಎಂದು ಕಾಕು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕೊನೆಯ ಪುಟದ ಚೀಟಿಯಲ್ಲಿ ‘ಮರುದಿನ ನಸುಕಿನಲ್ಲಿ ತುಂಗವ್ವ ಎದ್ದು ಒಲೆಗೆ ಕಟ್ಟಿಗೆ ಹಾಕಿದಳು’ ಎಂದಿದೆಯಲ್ಲ ಎಂದು ನಾನು ತೋರಿಸಿದೆ.

“ಕಾಶಿಯೊಳಗ ಒಲಿ ಇರೂದಿಲ್ಲೇನು?” ಎಂದರು ರಾಯರು.

ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಹಾಳೆಗಳನ್ನು ಓದುವಾಗಲೇ ನನಗೆ ಕಸಿವಿಸಿಯಾಯಿತು. ಸಮಿತಿಯವರೂ ಮನುಷ್ಯರೇ, ಅವರೂ ಎಡೆಬಿಡದೆ ‘ಹಾಕು’ ಬಳಸಿದ್ದರು. ಅಚ್ಚಾದ ಮೇಲೆ ಯಾವುದು ಅವರದು, ಯಾವುದು ಕಾಕುವಿನ ಗಂಡನದು ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ನಾನು ಕೆಂಪು ಶಾಯಿ ಹಿಡಿದು ಕೂತೆ. ಚೀಟಿಯಿಂದ ಬಂದ ವಾಕ್ಯವನ್ನು ಮುಟ್ಟಲಿಲ್ಲ. ಸಮಿತಿಯ ವಾಕ್ಯದಲ್ಲಿ ‘ಹಾಕು’ ಕಂಡಲ್ಲೆಲ್ಲ ಕಿತ್ತೆ. ಬೀಗ ಹಾಕಿದ್ದು ಬೀಗ ಜಡಿದದ್ದಾಯಿತು, ಊಟಕ್ಕೆ ಹಾಕಿದ್ದು ಬಡಿಸಿದ್ದಾಯಿತು, ಹೆಜ್ಜೆ ಹಾಕಿದವರು ನಡೆದರು, ಲೆಕ್ಕ ಹಾಕಿದವರು ಎಣಿಸಿದರು, ಕಣ್ಣೀರು ಹಾಕಿದವರು ಅತ್ತರು. ಅಷ್ಟು ಸಣ್ಣ ಪದವನ್ನು ಬಿಟ್ಟು ಕನ್ನಡ ಬರೆಯುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ನಿಘಂಟಿನ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಅಲ್ಲಿ ಉಪಯೋಗಕ್ಕೆ ಬಂತು ಎನ್ನಬೇಕು. ತಿದ್ದಿದ ಕರಡು ನೋಡಿದ ರಾಯರು, ಏಕೆಂದು ತಿಳಿಯದೆಯೇ, ಶೈಲಿ ಶುದ್ಧವಾಯಿತು ಎಂದು ಮೆಚ್ಚಿದರು.

‘ಸಂಶೋಧಿತ ಆವೃತ್ತಿ’ ಎಂಬ ಹೆಸರಿನಲ್ಲಿ ಪುಸ್ತಕ ಹೊರಬಂತು. ಬಿಡುಗಡೆಯಲ್ಲಿ ಸಮಿತಿಯವರೆಲ್ಲ ವೇದಿಕೆಯ ಮೇಲಿದ್ದರು. ಕಾಕುವಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ವಿಮರ್ಶಕರು ಮೂಲ ಪ್ರತಿಯನ್ನು ಓದಿದ ತಮ್ಮ ಬಾಲ್ಯದ ದಿನಗಳು ನೆನಪಾದವು ಎಂದು ಬರೆದರು. ಆನೆಯ ಅಧ್ಯಾಯಕ್ಕೆ ವಿಶೇಷ ಪ್ರಶಂಸೆ ಬಂತು. ಈ ಲೇಖಕ ‘ಹಾಕು’ ಎಂಬ ಕ್ರಿಯಾಪದವನ್ನು ಮಣ್ಣಿಗೆ ಹತ್ತಿರವಾದ ಗಳಿಗೆಗಳಿಗೆ ಮಾತ್ರ ಕಾದಿಟ್ಟಿರುವುದು ಆತನ ಶೈಲಿಯ ಗುಟ್ಟು ಎಂದು ಒಬ್ಬ ಪ್ರಾಧ್ಯಾಪಕರು ಉದ್ದನೆಯ ಲೇಖನ ಬರೆದರು. ಅದನ್ನು ಓದಿ ನಾನು ಲೋಕಲ್‌ನಲ್ಲಿ ಒಬ್ಬಳೇ ನಕ್ಕು, ಎದುರಿನ ಹೆಂಗಸು ಮಗುವನ್ನು ಹತ್ತಿರ ಎಳೆದುಕೊಳ್ಳುವಂತೆ ಮಾಡಿದೆ.

ಇನ್ನು ನಿಘಂಟಿನ ಮಾತು. ರಾಜ್ಯಗಳ ವಿಂಗಡಣೆಯಾಗಿ ಕನ್ನಡ ಜಿಲ್ಲೆಗಳು ಆಚೆಗೆ ಹೋದವು. ಮುಂಬಯಿ ಸರಕಾರಕ್ಕೆ ನಮ್ಮ ಪೆಟ್ಟಿಗೆಗಳು ಬೇಡವಾದವು, ಆಚೆಯವರಿಗೆ ತಮ್ಮವೇ ಪೆಟ್ಟಿಗೆಗಳಿದ್ದವು. ನಾನು ಬೇರೆ ನಿಘಂಟಿಗೆ ಹೋದೆ, ಅದೇ ಬೆನ್ನುನೋವಿನಲ್ಲಿ ವೃತ್ತಿ ಮುಗಿಸಿದೆ. ನಮ್ಮ ನಿಘಂಟು ಅಚ್ಚಾದದ್ದು ‘ಕ’ಕಾರದ ಅರ್ಧದವರೆಗೆ ಮಾತ್ರ. ‘ಹ’ ಇರುವುದು ವರ್ಣಮಾಲೆಯ ತುದಿಯಲ್ಲಿ. ಯಾವ ‘ಹಾಕು’ವಿಗಾಗಿ ಮೂರು ಪ್ರತಿ ಕತ್ತರಿಸಿದೆವೋ ಅದು ಅಚ್ಚಿನ ಮನೆಯ ಬಾಗಿಲನ್ನೂ ಕಾಣಲಿಲ್ಲ. ಈ ಕೆಲಸಕ್ಕೆ ಬರುವವರು ‘ಅ’ದಿಂದಲೇ ಶುರು ಮಾಡಿ, ಯಾರು ಬಂದು ಏನನ್ನೇ ಕೇಳಿದರೂ ಅವಸರ ಮಾಡಬೇಡಿ.

ಪುಸ್ತಕ ಬಂದ ಮೇಲೆ ಒಂದು ಭಾನುವಾರ ನಾನು ಭಾಂಡುಪ್‌ಗೆ ಹೋಗಿದ್ದೆ. ಬಿಡುಗಡೆಯ ದಿನವೇ ಕಾಕುವಿಗೆ ಗುಟ್ಟು ಹೇಳಿದ್ದೆ, ಯಾವ ವಾಕ್ಯದಲ್ಲಿ ‘ಹಾಕು’ ಇದೆಯೋ ಅದು ಖಂಡಿತವಾಗಿ ನಿಮ್ಮವರದು, ಉಳಿದದ್ದು ಅಲ್ಲ ಎಂದು. ಆಗ ಅವರು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದರು.

ಕಾಲನಿಯ ಉದ್ದನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಕಾಕು ಪಕ್ಕದ ಖೋಲಿಯ ಇಬ್ಬರು ಹೆಂಗಸರಿಗೆ ಪುಸ್ತಕ ಓದಿ ಹೇಳುತ್ತಿದ್ದರು. ಸಾಲುಗಳ ಮೇಲೆ ತೋರುಬೆರಳು ಸರಸರ ಇಳಿದು, ಒಂದು ಕಡೆ ನಿಲ್ಲುತ್ತಿತ್ತು. ಅಲ್ಲಿ ಗಟ್ಟಿಯಾಗಿ ಓದುವರು. ‘ಬಂದವರಿಗೆಲ್ಲ ಎಲೆ ಹಾಕಿ ತಾನು ಗೋಡೆಗೆ ಒರಗಿ ನಿಂತಳು.’ ಮತ್ತೆ ಬೆರಳು ಇಳಿಯುವುದು, ಪುಟ ಮಗುಚುವುದು, ಇನ್ನೊಂದು ಕಡೆ ನಿಲ್ಲುವುದು. ‘ಯಾರು ಶಾಪ ಹಾಕಿದರೂ ಅನ್ನ ಬೇಯುವುದು ನಿಲ್ಲಲಿಲ್ಲ.’ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಓದುತ್ತಿದ್ದರು, ನಡುವಿನ ಕಥೆಯನ್ನು ಬಾಯಲ್ಲೇ ಹೇಳುತ್ತಿದ್ದರು. ಆನೆ ಬರಲಿಲ್ಲ, ತುಂಗವ್ವ ಕಾಶಿಗೆ ಹೋಗಲಿಲ್ಲ. ನಾನು ಅವರ ಹಿಂದೆ ಕಂಬಕ್ಕೆ ಆತು ನಿಂತೆ.

ಇಷ್ಟು ಅಚ್ಚಾಗಿರುವಾಗ ನಡುವೆ ಬಿಟ್ಟು ಬಿಟ್ಟು ಯಾಕೆ ಓದುತ್ತೀರಿ ಎಂದು ಒಬ್ಬಾಕೆ ಕೇಳಿದಳು.

“ನಾ ಓದಿದ್ದಷ್ಟು ನಮ್ಮನಿಯವರು ಬರದದ್ದು,” ಎಂದರು ಕಾಕು. “ಉಳಿದದ್ದನ್ನ ಕಮಿಟಿಯವರ ಹೆಂಡಂದಿರು ಓದಲಿ.”